ಸೆಂಟ್ರಲ್ ವ್ಯಾಕ್ಯೂಮ್ ಸಾಮಾನಿನ ಸಗಟು ವ್ಯಾಪಾರ: ತುಮಕೂರಿನ ಒಂದು ಮಳಿಗೆಯ ವಿಮರ್ಶೆ

ತುಮಕೂರಿನಲ್ಲಿ ಮನೆ ಕಟ್ಟಿಸುವವರಲ್ಲಿ ಕೆಲವರು ಈಚೆಗೆ ಸೆಂಟ್ರಲ್ ವ್ಯಾಕ್ಯೂಮ್ ವ್ಯವಸ್ಥೆಯ ಬಗ್ಗೆ ವಿಚಾರಿಸತೊಡಗಿದ್ದಾರೆ. ಯಂತ್ರವನ್ನು ಯುಟಿಲಿಟಿಯಲ್ಲೋ ಕಾರು ನಿಲ್ಲಿಸುವ ಜಾಗದಲ್ಲೋ ಗೋಡೆಗೆ ಕೂರಿಸಿ, ಅಲ್ಲಿಂದ ಗೋಡೆ ಮತ್ತು ಚಾವಣಿಗಳ ಒಳಗೆ ಪೈಪು ಹಾಯಿಸಿ, ಕೋಣೆಗಳಲ್ಲಿ ಸ್ವಿಚ್ ಬೋರ್ಡಿನಷ್ಟೇ ಗಾತ್ರದ ಮುಚ್ಚಳವಿರುವ ಇನ್‌ಲೆಟ್‌ಗಳನ್ನು ಬಿಡುವುದು ಇದರ ಕ್ರಮ. ಉದ್ದನೆಯ ಹೋಸ್ ಒಂದನ್ನು ಬೇಕಾದ ಇನ್‌ಲೆಟ್‌ಗೆ ಸಿಕ್ಕಿಸಿದರೆ ಸಾಕು, ಧೂಳು ನೇರವಾಗಿ ಹೊರಗಿನ ಯಂತ್ರದ ಡಬ್ಬಿಗೆ ಹೋಗುತ್ತದೆ. ಯಂತ್ರ ಬಿಡುವ ಗಾಳಿಯೂ ಮನೆಯ ಹೊರಗೇ ಹೋಗುತ್ತದೆ. ನಾನು ಗುತ್ತಿಗೆಯ ಮೇಲೆ ಮನೆ ಕಟ್ಟಿಕೊಡುವವನು. ಈ ವ್ಯವಸ್ಥೆಗೆ ಬೇಕಾದ ಸಾಮಾನನ್ನು ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಆಸುಪಾಸಿನಲ್ಲಿರುವ, ಗುತ್ತಿಗೆದಾರರಿಗೂ ಅಂಗಡಿಯವರಿಗೂ ಮಾತ್ರ ಮಾರುವ ಒಂದು ಸಗಟು ಮಳಿಗೆಯಿಂದ ಕೊಳ್ಳುತ್ತಿದ್ದೇನೆ. ಅಲ್ಲಿನ ಸಾಮಾನು, ದರ, ಸಲಹೆ, ಕೊರತೆ ಇವೆಲ್ಲವನ್ನೂ ನನ್ನ ವೃತ್ತಿಯವರಿಗೆ ಉಪಯೋಗವಾಗುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕೊಳ್ಳುವವರೆಲ್ಲ ಯಂತ್ರದ ಹೊಳಪನ್ನೂ ಅದರ ಮೇಲಿನ ವಾಟ್ ಸಂಖ್ಯೆಯನ್ನೂ ನೋಡುತ್ತಾರೆ. ಆದರೆ ಯಂತ್ರ ಕೆಟ್ಟರೆ ಒಂದು ಗಂಟೆಯಲ್ಲಿ ಬಿಚ್ಚಿ ಬದಲಿಸಬಹುದು; ಗೋಡೆಯೊಳಗೆ ಹೂತ ಪೈಪು ಕಟ್ಟಿಕೊಂಡರೆ ಟೈಲ್ಸ್ ಒಡೆಯಬೇಕಾಗುತ್ತದೆ. ಆದ್ದರಿಂದ ಸಗಟು ವ್ಯಾಪಾರಿಯ ಯೋಗ್ಯತೆಯನ್ನು ಅಳೆಯಬೇಕಾದದ್ದು ಅವನ ಪೈಪು ಮತ್ತು ಫಿಟ್ಟಿಂಗ್‌ಗಳ ದಾಸ್ತಾನಿನಿಂದ, ಮತ್ತು ಅವುಗಳನ್ನು ಮಾರುವಾಗ ಅವನು ಕೇಳುವ ಪ್ರಶ್ನೆಗಳಿಂದ. ಈ ಮಳಿಗೆ ನನಗೆ ಮೆಚ್ಚುಗೆಯಾಗಿರುವುದು ಆ ಕಾರಣಕ್ಕೆ.

ಯಂತ್ರ ಒಂದೆಡೆ ನಿಂತು, ಪೈಪು ಮಾತ್ರ ಕೋಣೆ ಕೋಣೆಗೂ ಹೋಗುವ ಯೋಚನೆ ಹೊಸದಲ್ಲ. 1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಮಾಡಿದ ಯಂತ್ರವೇ ಬೀದಿಯಲ್ಲಿ ಕುದುರೆ ಗಾಡಿಯ ಮೇಲೆ ನಿಂತು ಕಿಟಕಿಯ ಮೂಲಕ ಉದ್ದನೆಯ ಹೋಸ್ ಒಳಗೆ ಬಿಡುತ್ತಿತ್ತು. ಆಮೇಲೆ ಅಮೆರಿಕ, ಕೆನಡಾಗಳ ಮನೆಗಳಲ್ಲಿ ಈ ಪದ್ಧತಿ ಗೋಡೆಯೊಳಕ್ಕೆ ಸೇರಿತು. ಅಲ್ಲಿನ ಮನೆಗಳ ಗೋಡೆ ಹೆಚ್ಚಾಗಿ ಮರದ ಚೌಕಟ್ಟಿನದು, ನಡುವೆ ಟೊಳ್ಳು. ಪೈಪು ಸುಲಭವಾಗಿ ಇಳಿಯುತ್ತದೆ. ನಮ್ಮದು ಇಟ್ಟಿಗೆ ಅಥವಾ ಸಾಲಿಡ್ ಬ್ಲಾಕಿನ ಗೋಡೆ. ಸಾಮಾನು ಆ ದೇಶಗಳಿಂದ ಬರುತ್ತದೆ, ಅದನ್ನು ಕೂರಿಸಬೇಕಾದ ಕಟ್ಟಡ ಮಾತ್ರ ಬೇರೆ ಜಾತಿಯದು. ಈ ವ್ಯಾಪಾರದ ಕಷ್ಟಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಪೈಪಿನ ಅಳತೆಯನ್ನೇ ನೋಡಿ. ಉತ್ತರ ಅಮೆರಿಕದ ಪದ್ಧತಿಯಲ್ಲಿ ಪೈಪಿನ ಹೊರವ್ಯಾಸ ಸರಿಯಾಗಿ 2 ಅಂಗುಲ, ಅಂದರೆ 50.8 ಮಿಲಿಮೀಟರ್. ಇಟಲಿಯಿಂದ ಬರುವ ಕೆಲವು ವ್ಯವಸ್ಥೆಗಳದ್ದು 50 ಮಿಲಿಮೀಟರ್. ನಮ್ಮ ಊರಿನ ಯಾವುದೇ ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುವ ಪಿವಿಸಿ ಪೈಪೂ 50 ಮಿಲಿಮೀಟರಿನದೇ. "ಐವತ್ತರ ಪೈಪೇ ಅಲ್ವಾ ಸಾರ್, ಮಂಡಿಪೇಟೆಯಲ್ಲೇ ತಂದುಬಿಡ್ತೀನಿ" ಎಂದು ಪ್ಲಂಬರ್ ಹೇಳುವುದು ಸಹಜ. ಆದರೆ 50.8ರ ಎಲ್ಬೋಗೆ 50ರ ಪೈಪು ತೂರಿಸಿದರೆ ಸುತ್ತಲೂ ಸಂದು ಉಳಿಯುತ್ತದೆ. ನೀರಿನ ಪೈಪಾದರೆ ಸೋರಿದ್ದು ಕಣ್ಣಿಗೆ ಬೀಳುತ್ತದೆ. ಇಲ್ಲಿ ಗಾಳಿ ಒಳಕ್ಕೆ ಸೋರುವುದರಿಂದ ಏನೂ ಕಾಣುವುದಿಲ್ಲ, ಎಳೆತ ಮಾತ್ರ ಕಡಿಮೆಯಾಗುತ್ತದೆ, ಮನೆಯವರು ಯಂತ್ರವನ್ನು ದೂರುತ್ತಾರೆ. ಈ ಮಳಿಗೆಯಲ್ಲಿ ಎರಡು ಅಳತೆಯ ಫಿಟ್ಟಿಂಗ್‌ಗಳನ್ನು ಬೇರೆ ಬೇರೆ ಕಪಾಟುಗಳಲ್ಲಿ, ಬೇರೆ ಬಣ್ಣದ ಚೀಟಿ ಅಂಟಿಸಿ ಇಟ್ಟಿದ್ದಾರೆ. ಬಿಲ್ಲಿನಲ್ಲೂ ಅಳತೆಯನ್ನು ದಶಮಾಂಶದೊಂದಿಗೆ ಬರೆಯುತ್ತಾರೆ. ಒಂದು ಬಿಲ್ಲಿನಲ್ಲಿ ಎರಡು ಅಳತೆಗಳು ಬಂದರೆ ಸಾಮಾನು ಕಟ್ಟುವ ಹುಡುಗನೇ ನಿಲ್ಲಿಸಿ ಕೇಳುತ್ತಾನೆ. ಚಿಕ್ಕ ವಿಷಯದಂತೆ ಕಂಡರೂ ಇಂಥ ಶಿಸ್ತನ್ನು ನಾನು ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲೂ ಕಂಡಿಲ್ಲ.

ಎಲ್ಬೋಗಳ ವಿಷಯದಲ್ಲಿ ಅವರ ತಿಳಿವಳಿಕೆ ಇನ್ನೂ ಚೆನ್ನಾಗಿದೆ. ಈ ವ್ಯವಸ್ಥೆಯಲ್ಲಿ ಪೈಪು ತಿರುಗುವಲ್ಲೆಲ್ಲ ಅಗಲವಾದ ಬಾಗಿನ ಎಲ್ಬೋ ಬಳಸಬೇಕು. ಚರಂಡಿಗೆ ಬಳಸುವ ಗಿಡ್ಡ ಎಲ್ಬೋ ಹಾಕಿದರೆ ಕೂದಲು, ನಾರು, ಕಾಗದದ ಚೂರು ಅಲ್ಲಿ ನಿಂತು ಉಂಡೆಯಾಗುತ್ತದೆ. ಗಿಡ್ಡ ಎಲ್ಬೋಗೆ ಇರುವುದು ಒಂದೇ ಜಾಗ, ಇನ್‌ಲೆಟ್‌ನ ಬೆನ್ನಿಗೆ. ಅಲ್ಲಿ ಅದನ್ನು ಬೇಕೆಂದೇ ಹಾಕುತ್ತಾರೆ. ಪೆನ್ಸಿಲ್ಲೋ ಬಳಪದ ತುಂಡೋ ಒಳಗೆ ಹೋದರೆ ಕೈಗೆ ಎಟಕುವಷ್ಟು ಹತ್ತಿರದಲ್ಲೇ ಸಿಕ್ಕಿಕೊಳ್ಳಲಿ, ಆ ಬಾಗನ್ನು ದಾಟಿದ ವಸ್ತು ಮುಂದೆ ಎಲ್ಲೂ ನಿಲ್ಲದೆ ಡಬ್ಬಿಗೆ ಸೇರಲಿ ಎಂಬುದು ಅದರ ಉದ್ದೇಶ. ಮಳಿಗೆಯವರು ಇನ್‌ಲೆಟ್‌ಗಳ ಸಂಖ್ಯೆಗಿಂತ ಹೆಚ್ಚು ಗಿಡ್ಡ ಎಲ್ಬೋಗಳನ್ನು ಒಂದೇ ಕೆಲಸಕ್ಕೆ ಕೇಳಿದರೆ ಕೊಡುವ ಮೊದಲು ನಕ್ಷೆ ತೋರಿಸಿ ಎನ್ನುತ್ತಾರೆ. ಅಡ್ಡ ಪೈಪಿಗೆ ಕವಲು ಸೇರಿಸುವಾಗ ಪಕ್ಕದಿಂದಲೋ ಮೇಲಿನಿಂದಲೋ ಸೇರಿಸಬೇಕು, ಕೆಳಗಿನಿಂದ ಸೇರಿಸಿದರೆ ಹಾದುಹೋಗುವ ಕಸ ಕವಲಿಗೆ ಬೀಳುತ್ತದೆ. ಕವಲಿನ ಬಾಗು ಯಂತ್ರದ ದಿಕ್ಕಿಗೇ ಇರಬೇಕು. ಪೈಪು ಅಂಟಿಸುವ ಸಾಲ್ವೆಂಟ್ ಅನ್ನು ಪೈಪಿನ ಹೊರಮೈಗೆ ಹಚ್ಚಬೇಕೇ ಹೊರತು ಫಿಟ್ಟಿಂಗಿನ ಒಳಮೈಗಲ್ಲ, ಏಕೆಂದರೆ ಒಳಗೆ ಹಚ್ಚಿದ್ದು ಪೈಪು ತೂರಿಸಿದಾಗ ಮುಂದಕ್ಕೆ ತಳ್ಳಿಕೊಂಡು ಹೋಗಿ ಏಣಾಗಿ ಒಣಗುತ್ತದೆ. ಇವಿಷ್ಟನ್ನೂ ಕನ್ನಡದಲ್ಲಿ ಚಿತ್ರಸಮೇತ ಮುದ್ರಿಸಿದ ಒಂದು ಹಾಳೆಯನ್ನು ಪ್ರತಿ ಪೈಪಿನ ಕಟ್ಟಿನ ಜೊತೆ ಕೊಡುತ್ತಾರೆ. ಕೆಲಸದ ಜಾಗದಲ್ಲಿ ಆ ಹಾಳೆಯನ್ನು ನಾನು ಗೋಡೆಗೆ ಅಂಟಿಸಿಡುತ್ತೇನೆ. ನಮ್ಮ ಹುಡುಗರು ಪೈಪು ಕತ್ತರಿಸಿದ ಮೇಲೆ ಅಂಚಿನ ಸಿಬಿರು ಕೆರೆದು ತೆಗೆಯುವುದನ್ನು ಅದನ್ನು ನೋಡಿಯೇ ರೂಢಿಸಿಕೊಂಡರು.

ಗೋಡೆಯ ಪ್ರಶ್ನೆಗೆ ಬಂದರೆ, ಮಳಿಗೆಯಲ್ಲಿ ನಕ್ಷೆ ಹಾಕಿಕೊಡುವ ಒಬ್ಬರು ಇದ್ದಾರೆ. ಅವರು ಕೇಳುವ ಮೊದಲ ಪ್ರಶ್ನೆ, "ಮೋಲ್ಡ್ ಆಗಿದೆಯಾ?" ಎಂದು. ಚಾವಣಿಗೆ ಕಾಂಕ್ರೀಟು ಹಾಕುವ ಮುನ್ನ ಸೆಂಟ್ರಿಂಗ್ ಮೇಲೆಯೇ ತೋಳಿನಂಥ ಪೈಪು ತುಂಡುಗಳನ್ನು ಇಟ್ಟುಬಿಟ್ಟರೆ ಮೇಲಂತಸ್ತಿಗೆ ದಾರಿ ಸಲೀಸು. ಕಾಂಕ್ರೀಟು ಹಾಕಿದ ಮೇಲೆ ಬಂದವರಿಗೆ ಕೋರ್ ಕಟಿಂಗ್, ಅಂದರೆ ಯಂತ್ರದಿಂದ ಕಾಂಕ್ರೀಟು ಕೊರೆಯುವ ಕೆಲಸ, ಬೇಕಾಗುತ್ತದೆ, ಅದೂ ಬೀಮು, ಕಾಲಂಗಳನ್ನು ಬಿಟ್ಟು. ನಾಲ್ಕು ಅಂಗುಲದ ಗೋಡೆಯಲ್ಲಿ ಎರಡು ಅಂಗುಲದ ಪೈಪಿಗೆ ಗ್ರೂವ್ ಹೊಡೆದರೆ ಗೋಡೆಯಲ್ಲಿ ಉಳಿಯುವುದೇನು ಎಂಬುದನ್ನು ಯಾವ ಮೇಸ್ತ್ರಿಯಾದರೂ ಹೇಳಬಲ್ಲ. ಅದಕ್ಕಾಗಿ ಅವರು ಪೈಪನ್ನು ಆದಷ್ಟೂ ಡಕ್ಟಿನಲ್ಲಿ, ವಾರ್ಡ್‌ರೋಬಿನ ಹಿಂಭಾಗದಲ್ಲಿ, ಫಾಲ್ಸ್ ಸೀಲಿಂಗ್ ಮೇಲೆ ಒಯ್ದು, ಆರು ಅಥವಾ ಎಂಟು ಅಂಗುಲದ ಗೋಡೆಯಲ್ಲಿ ಮಾತ್ರ ಇಳಿಸುತ್ತಾರೆ. ಆಮದಾದ ಇನ್‌ಲೆಟ್‌ಗಳ ಹಿಂದಿನ ತಟ್ಟೆ ಟೊಳ್ಳು ಗೋಡೆಗೆಂದು ಮಾಡಿದ್ದು. ಅದನ್ನು ಬ್ಲಾಕಿನ ಗೋಡೆಯಲ್ಲಿ ಪ್ಲಾಸ್ಟರಿನ ಮಟ್ಟಕ್ಕೆ ಸರಿಯಾಗಿ ಕೂರಿಸಲು ಇಲ್ಲಿಯೇ ಮಾಡಿಸಿದ ತಗಡಿನ ಪೆಟ್ಟಿಗೆಯೊಂದನ್ನು ಮಳಿಗೆ ಮಾರುತ್ತದೆ. ಅದರ ಅಂಚು ಇನ್ನಷ್ಟು ನಯವಾಗಿರಬೇಕಿತ್ತು, ಆದರೂ ಬಹಳ ಉಪಯೋಗದ ವಸ್ತು.

ಇನ್‌ಲೆಟ್‌ಗಳು ಎಷ್ಟು ಬೇಕು ಎಂಬಲ್ಲಿ ಅವರ ಪ್ರಾಮಾಣಿಕತೆ ನನಗೆ ಸ್ಪಷ್ಟವಾಗಿ ಕಂಡಿತು. ಸಾಮಾನ್ಯವಾದ ಹೋಸ್ 30 ಅಡಿ ಉದ್ದದ್ದು. ನಮ್ಮ 30-40ರ ಸೈಟಿನಲ್ಲಿ ಸುತ್ತ ಬಿಡಬೇಕಾದ ಜಾಗ ಬಿಟ್ಟು ಕಟ್ಟಿದರೆ, ಮನೆಯ ನಡುವಿನಿಂದ ಯಾವ ಮೂಲೆಯೂ ನೇರ ಅಳತೆಯಲ್ಲಿ 25 ಅಡಿ ದಾಟುವುದಿಲ್ಲ. ಹಾಗಾಗಿ ಅಂತಸ್ತಿಗೆ ಒಂದು ಇನ್‌ಲೆಟ್ ನಡುಮನೆಯ ಹತ್ತಿರ ಇದ್ದರೆ ಬಹಳಷ್ಟು ಮನೆಗಳಲ್ಲಿ ಕೆಲಸ ನಡೆಯುತ್ತದೆ. ಕೋಣೆಗೊಂದು ಇನ್‌ಲೆಟ್ ಬೇಕೆಂದು ಪಟ್ಟಿ ಮಾಡಿಕೊಂಡು ಹೋದ ನಮಗೆ ಅವರು 30 ಅಡಿಯ ಹಗ್ಗ ಕೊಟ್ಟು, ಇನ್‌ಲೆಟ್ ಬರುವ ಜಾಗದಲ್ಲಿ ಒಂದು ತುದಿ ಕಟ್ಟಿ, ಬಾಗಿಲುಗಳನ್ನು ದಾಟಿ, ಮಂಚ, ಸೋಫಾ ಬರುವ ಜಾಗಗಳನ್ನು ಸುತ್ತಿ ಮೂಲೆ ಮುಟ್ಟುತ್ತದೆಯೇ ನೋಡಿ ಬನ್ನಿ ಎಂದರು. ಇನ್‌ಲೆಟ್‌ಗಳನ್ನು ಕಡಿಮೆ ಮಾಡಿದರೆ ಅವರ ವ್ಯಾಪಾರವೂ ಕಡಿಮೆ. ಆದರೆ ಕೀಲುಗಳು ಕಡಿಮೆಯಾದಷ್ಟೂ ಗಾಳಿ ಸೋರುವ ಜಾಗ ಕಡಿಮೆ ಎಂಬ ಅವರ ಮಾತು ನಿಜ. ಉಳಿದ ಹಣದಲ್ಲಿ ಅಡುಗೆಮನೆಯ ಕಟ್ಟೆಯ ಬುಡದಲ್ಲಿ ಕಸ ನೂಕುವ ಬಾಯೊಂದನ್ನು ಇಡಿಸಿ ಎಂದು ಸಲಹೆ ಮಾಡುತ್ತಾರೆ. ಪೊರಕೆಯಲ್ಲಿ ಗುಡಿಸಿದ್ದನ್ನು ಅದರ ಮುಂದೆ ತಂದು, ಕಾಲಿನಿಂದ ಸ್ವಿಚ್ ಒತ್ತಿದರೆ ಎಳೆದುಕೊಳ್ಳುತ್ತದೆ. ಗುಡಿಸುವ ಅಭ್ಯಾಸ ಬಿಡದ ನಮ್ಮ ಮನೆಗಳಲ್ಲಿ ಹೋಸ್‌ಗಿಂತ ಹೆಚ್ಚು ಬಳಕೆಯಾಗುವುದು ಇದೇ ಎಂದು ಕೀಲಿಕೈ ಕೊಟ್ಟ ಮೇಲೆ ಹಲವು ಗೃಹಿಣಿಯರು ನನಗೆ ಹೇಳಿದ್ದಾರೆ.

ಯಂತ್ರಗಳ ವಿಷಯದಲ್ಲಿ ಮಳಿಗೆಯ ದರಪಟ್ಟಿ ನನಗೆ ಒಪ್ಪಿಗೆಯಾಗಿಲ್ಲ. ಅದರಲ್ಲಿ ಮೋಟಾರು ತಿನ್ನುವ ವಿದ್ಯುತ್ತಿನ ವಾಟ್ ಮಾತ್ರ ದಪ್ಪಕ್ಷರದಲ್ಲಿದೆ. ಅದು ಖರ್ಚಿನ ಲೆಕ್ಕ, ಕೆಲಸದ ಲೆಕ್ಕವಲ್ಲ. ಯಂತ್ರದ ನಿಜವಾದ ಸಾಮರ್ಥ್ಯ ತಿಳಿಯಬೇಕಾದರೆ ಏರ್‌ವಾಟ್ ಬೇಕು: ನಿಮಿಷಕ್ಕೆ ಹಾಯುವ ಗಾಳಿಯ ಘನಅಡಿಯನ್ನು, ಆ ಹರಿವಿನಲ್ಲಿ ಇರುವ ಎಳೆತದ ನೀರಂಗುಲದಿಂದ (ಆ ಎಳೆತ ನೀರನ್ನು ಎಷ್ಟು ಅಂಗುಲ ಮೇಲಕ್ಕೆತ್ತಬಲ್ಲದು ಎಂಬ ಅಳತೆಯಿಂದ) ಗುಣಿಸಿ 8.5ರಿಂದ ಭಾಗಿಸಿದರೆ ಬರುವ ಸಂಖ್ಯೆ. 100 ಘನಅಡಿ ಹರಿಯುವಾಗ 50 ಅಂಗುಲದ ಎಳೆತವಿದ್ದರೆ ಸುಮಾರು 588 ಏರ್‌ವಾಟ್. ಬಾಯಿ ಪೂರ್ತಿ ಮುಚ್ಚಿದಾಗಿನ ಎಳೆತವನ್ನೋ, ಪೂರ್ತಿ ತೆರೆದಾಗಿನ ಹರಿವನ್ನೋ ಬಿಡಿಯಾಗಿ ತೋರಿಸುವುದರಿಂದ ಕೊಳ್ಳುವವನಿಗೆ ದಾರಿ ತಪ್ಪುತ್ತದೆ, ಏಕೆಂದರೆ ನೆಲದ ಮೇಲೆ ಬ್ರಷ್ ಓಡುವಾಗ ಯಂತ್ರ ಇವೆರಡರ ನಡುವಿನ ಸ್ಥಿತಿಯಲ್ಲಿರುತ್ತದೆ. ಕೇಳಿದರೆ ತಯಾರಕರ ಹಾಳೆ ತೆಗೆದು ತೋರಿಸುತ್ತಾರೆ, ಮಳಿಗೆಯೊಳಗೆ ಉದ್ದದ ಪೈಪಿಗೆ ಜೋಡಿಸಿದ, ಎಳೆತ ಅಳೆಯುವ ಗೇಜಿನ ಮೇಲೆ ಓಡಿಸಿಯೂ ತೋರಿಸುತ್ತಾರೆ. ಆದರೆ ಕೇಳದವನಿಗೂ ಆ ಸಂಖ್ಯೆ ದರಪಟ್ಟಿಯಲ್ಲೇ ಸಿಗಬೇಕು.

ವೋಲ್ಟೇಜಿನ ವಿಷಯದಲ್ಲಿ ಅವರು ಕಟ್ಟುನಿಟ್ಟು. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ 120 ವೋಲ್ಟಿನ ಯಂತ್ರ ಅಗ್ಗವಾಗಿ ಸಿಕ್ಕಿತೆಂದು ತಂದವರಿಗೆ, ನಮ್ಮ 230 ವೋಲ್ಟಿನ ಬೆಸ್ಕಾಂ ಲೈನಿಗೆ ಅದನ್ನು ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸುವ ಸಲಹೆಯನ್ನು ಅವರು ಕೊಡುವುದಿಲ್ಲ. ಯಂತ್ರಕ್ಕೆ ಪ್ರತ್ಯೇಕ ಎಂಸಿಬಿ, 16 ಆಂಪಿಯರ್ ಸಾಕೆಟ್, ಅರ್ಥಿಂಗ್ ಇರಲೇಬೇಕು, ಮನೆಯ ಇನ್ವರ್ಟರ್ ಲೈನಿಗೆ ಸೇರಿಸಬಾರದು ಎಂದು ಕೊಟೇಷನ್ನಿನ ಕೆಳಗೇ ಬರೆದುಕೊಡುತ್ತಾರೆ. ಇನ್‌ಲೆಟ್‌ಗಳಿಗೆ ಪೈಪಿನ ಜೊತೆ ಹೋಗುವುದು 24 ವೋಲ್ಟಿನ ಎರಡೆಳೆ ವೈರು ಮಾತ್ರ. ಅದರ ಕೆಲಸ ಯಂತ್ರಕ್ಕೆ ಶುರುವಾಗು, ನಿಲ್ಲು ಎಂದು ಹೇಳುವುದಷ್ಟೇ.

ನಮ್ಮ ಮನೆಗಳ ಧೂಳಿನ ಬಗ್ಗೆ ಮಳಿಗೆಯವರು ಗ್ರಾಹಕರಿಗೆ ಇನ್ನಷ್ಟು ಹೇಳಬೇಕು. ರಂಗೋಲಿ ಪುಡಿ, ಕುಂಕುಮ, ವಿಭೂತಿ, ರಾಗಿ ಹಿಟ್ಟು ಇವೆಲ್ಲ ಬಹಳ ನುಣುಪು. ಬಟ್ಟೆಯ ಫಿಲ್ಟರಿಗೆ ಅಂಟಿ ಎಳೆತ ಬೇಗ ಕುಗ್ಗಿಸುತ್ತವೆ. ಇಂಥ ಮನೆಗೆ ಕಾಗದದ ಅಥವಾ ನಾರಿನ ಚೀಲ ಹಾಕುವ ಯಂತ್ರ ಅನುಕೂಲ, ಚೀಲ ಬದಲಿಸುವಾಗ ಪುಡಿ ಮುಖಕ್ಕೆ ಹಾರುವುದೂ ಇಲ್ಲ. ಅಗರಬತ್ತಿ, ಧೂಪ, ಲೋಬಾನದ ಬೂದಿಯಲ್ಲಿ ಕೆಂಡ ಉಳಿದಿರಬಹುದಾದ್ದರಿಂದ ಅದನ್ನು ಎಳೆಯಲೇಬಾರದು. ಸಾಮಾನ್ಯ ಯಂತ್ರದಲ್ಲಿ ನೀರನ್ನೂ ಎಳೆಯಬಾರದು. ಅದಕ್ಕೆ ನಡುವೆ ನೀರು ಬೇರ್ಪಡಿಸುವ ಡಬ್ಬಿ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗೃಹಪ್ರವೇಶಕ್ಕೆ ಮುನ್ನ ಸಿಮೆಂಟು, ಪುಟ್ಟಿ, ಟೈಲ್ಸ್ ಕತ್ತರಿಸಿದ ಧೂಳನ್ನು ಈ ಯಂತ್ರದಿಂದ ತೆಗೆಯಿಸಬಾರದು. ಹೊಸ ಯಂತ್ರಗಳು ಹಾಳಾಗುವುದು ಹೆಚ್ಚಾಗಿ ಆ ವಾರದಲ್ಲಿಯೇ. ಈ ಸಂಗತಿಗಳು ಯಂತ್ರದ ಜೊತೆ ಬರುವ ಇಂಗ್ಲಿಷ್ ಪುಸ್ತಿಕೆಯಲ್ಲಿ ಒಂದಿಷ್ಟು ಇವೆ, ಪೂಜಾಮನೆಯ ಪುಡಿಗಳ ಮಾತು ಸಹಜವಾಗಿಯೇ ಇಲ್ಲ. ಪೈಪಿಗೆ ಅಷ್ಟು ಚೆಂದದ ಕನ್ನಡ ಹಾಳೆ ಮುದ್ರಿಸಿದವರು ಮನೆಯವರಿಗಾಗಿ ಇನ್ನೊಂದನ್ನು ಮುದ್ರಿಸಲಿ ಎಂದು ಅವರಿಗೆ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ವ್ಯಾಪಾರದ ಕರಾರುಗಳು ನ್ಯಾಯವಾಗಿವೆ. ವ್ಯಾಕ್ಯೂಮ್ ಯಂತ್ರಗಳ ಜಿಎಸ್‌ಟಿ 2018ರ ಜುಲೈನಲ್ಲಿ ಶೇ. 28ರಿಂದ 18ಕ್ಕೆ ಇಳಿಯಿತು, ಪೈಪಿಗೂ ಶೇ. 18 ಇದೆ. ಕೊಟೇಷನ್ನಿನಲ್ಲಿ ತೆರಿಗೆ, ಸಾಗಣೆ, ಸಾಮಾನಿನ ದರಗಳನ್ನು ಬೇರೆ ಬೇರೆಯಾಗಿ ತೋರಿಸುತ್ತಾರೆ, ಆದ್ದರಿಂದ ಮನೆ ಕಟ್ಟಿಸುವವರಿಗೆ ಲೆಕ್ಕ ಒಪ್ಪಿಸುವುದು ನಮಗೆ ಸುಲಭ. ಆಮದಾದ ಪೆಟ್ಟಿಗೆಗಳ ಮೇಲೆ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆಯ ಚೀಟಿ ಕಾನೂನಿನಂತೆ ಇರುತ್ತದೆ. ಇಲ್ಲದ ಪೆಟ್ಟಿಗೆಯನ್ನು ಯಾವ ಸಗಟು ಅಂಗಡಿಯಿಂದಲೂ ಯಾರೂ ತೆಗೆದುಕೊಳ್ಳಬಾರದು, ಮುಂದೆ ವಾರಂಟಿ ಕೇಳಲು ಹೋಗುವಾಗ ವಿಳಾಸವೇ ಇರುವುದಿಲ್ಲ. ಯಂತ್ರಕ್ಕೆ ಮುಂಗಡ ಕೊಡಬೇಕು, ಫಿಟ್ಟಿಂಗ್‌ಗಳಿಗೆ ಪರಿಚಯದ ಗುತ್ತಿಗೆದಾರರಿಗೆ ತಿಂಗಳ ಉದ್ರಿ ಉಂಟು. ಬಳಸದೆ ಉಳಿದ ಫಿಟ್ಟಿಂಗ್‌ಗಳನ್ನು ಬಿಲ್ಲಿನೊಂದಿಗೆ ತಂದರೆ ವಾಪಸು ತೆಗೆದುಕೊಳ್ಳುತ್ತಾರೆ. ಪೈಪಿನ ಗೋಡೆ ನೀರಿನ ಪೈಪಿಗಿಂತ ತೆಳು, ಸುಮಾರು ಒಂದೂವರೆ ಮಿಲಿಮೀಟರ್. ಗೂಡ್ಸ್ ಆಟೋದಲ್ಲಿ ಸಿಮೆಂಟ್ ಚೀಲದ ಕೆಳಗೆ ಹಾಕಿದರೆ ಬಿರುಕು ಬಿಡುತ್ತದೆ. ಇಳಿಸಿಕೊಳ್ಳುವಾಗಲೇ ಒಂದೊಂದನ್ನೂ ನೋಡಿ ಸಹಿ ಹಾಕುವುದು ನಮ್ಮ ಹೊಣೆ.

ಇನ್ನೊಂದು ಸಂಗತಿಯನ್ನು ಮೆಚ್ಚಿ ಬರೆಯಬೇಕು. ವಸಂತನರಸಾಪುರದ ಕಡೆಯ ಹಿಟ್ಟಿನ ಘಟಕವೊಂದರವರು ಮನೆಬಳಕೆಯ ಯಂತ್ರಗಳನ್ನೇ ಒಟ್ಟಿಗೆ ಕೊಳ್ಳಲು ಬಂದಿದ್ದಾಗ ನಾನು ಅಲ್ಲಿದ್ದೆ. ದೊಡ್ಡ ಬೇಡಿಕೆ. ಮಳಿಗೆಯ ಯಜಮಾನರು ಮಾರಲಿಲ್ಲ. ಗಾಳಿಯಲ್ಲಿ ತೇಲುವ ಹಿಟ್ಟಿನ ಧೂಳು ಕಿಡಿ ತಗುಲಿದರೆ ಸ್ಫೋಟಿಸಬಲ್ಲದು. ಪ್ಲಾಸ್ಟಿಕ್ ಪೈಪಿನಲ್ಲಿ ಧೂಳು ಉಜ್ಜಿಕೊಂಡು ಓಡುವಾಗ ಸ್ಥಿರವಿದ್ಯುತ್ ಹುಟ್ಟುತ್ತದೆ, ಮನೆಯ ಯಂತ್ರದ ಮೋಟಾರಿನಲ್ಲಿ ಕಾರ್ಬನ್ ಬ್ರಷ್ ಕಿಡಿ ಬಿಡುತ್ತದೆ. ಅಂಥ ಕಡೆ ಲೋಹದ ಪೈಪು, ಸರಿಯಾದ ಅರ್ಥಿಂಗ್, ಸ್ಫೋಟದ ಒತ್ತಡ ಬಿಡುವ ಏರ್ಪಾಡು ಇರುವ ಕೈಗಾರಿಕಾ ವ್ಯವಸ್ಥೆಯೇ ಬೇಕು ಎಂದು ವಿವರಿಸಿ, ಅಂಥದ್ದನ್ನು ಮಾಡುವವರ ಬಳಿ ಹೋಗಿ ಎಂದು ಕಳಿಸಿಕೊಟ್ಟರು.

ಕೊರತೆ ಇರುವುದು ಮಾರಾಟದ ನಂತರದ ಹಂತದಲ್ಲಿ. ಪ್ಲಾಸ್ಟರಿಂಗ್‌ಗೆ ಮುನ್ನ ಎಲ್ಲ ಇನ್‌ಲೆಟ್‌ಗಳನ್ನೂ ಮುಚ್ಚಿ, ಯಂತ್ರದ ಬುಡದಲ್ಲಿ ಒಮ್ಮೆ, ಅತಿ ದೂರದ ಇನ್‌ಲೆಟ್‌ನಲ್ಲಿ ಒಮ್ಮೆ ಗೇಜ್ ಹಿಡಿದು ಎಳೆತ ಅಳೆದರೆ ಸೋರಿಕೆ ಇದ್ದರೆ ಗೊತ್ತಾಗುತ್ತದೆ. ಆ ಗೇಜನ್ನು ಮಳಿಗೆ ಬಾಡಿಗೆಗೆ ಕೊಡುತ್ತದೆ, ಆದರೆ ಬಂದು ನೋಡುವ ತಂತ್ರಜ್ಞರು ತುಮಕೂರಿನಲ್ಲಿ ಅವರಿಗಿಲ್ಲ; ಬೆಂಗಳೂರಿನಿಂದ ಕರೆಸಬೇಕು. ಚೀಲ, ಫಿಲ್ಟರ್, ಕಾರ್ಬನ್ ಬ್ರಷ್ ದಾಸ್ತಾನಿನಲ್ಲಿ ಇರುತ್ತವೆ. ಹೋಸ್‌ನ ಹಿಡಿಯಲ್ಲಿರುವ ಸ್ವಿಚ್ಚು, ಯಂತ್ರದೊಳಗೆ ಅದನ್ನು ಶುರುಮಾಡಿ ನಿಲ್ಲಿಸುವ ರಿಲೇ ಬೋರ್ಡು ಇವು ಹೋದರೆ ವಾರಗಟ್ಟಲೆ ಕಾಯಬೇಕಾಗುತ್ತದೆ, ಅಷ್ಟು ದಿನ ಮನೆಯವರು ಫೋನು ಮಾಡುವುದು ನಮಗೆ. ಮಾರಿದ ಪ್ರತಿ ಮಾದರಿಗೂ ಒಂದೊಂದು ರಿಲೇ ಬೋರ್ಡು, ಒಂದೊಂದು ಹೋಸ್ ಹಿಡಿ ಕಪಾಟಿನಲ್ಲಿಟ್ಟರೆ ಈ ದೂರು ಮುಗಿಯುತ್ತದೆ. ಯಂತ್ರದ ಬೆಲೆಯ ಮುಂದೆ ಅವುಗಳ ಬೆಲೆ ದೊಡ್ಡದಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ಗುತ್ತಿಗೆದಾರರೂ ಇಲ್ಲಿಗೆ ಬರುತ್ತಾರೆ. ಅವರಿಗೆ ಫಿಟ್ಟಿಂಗ್ ಮತ್ತು ಯಂತ್ರಗಳನ್ನು ಪಾರ್ಸೆಲ್‌ನಲ್ಲಿ ಕಳಿಸುತ್ತಾರೆ, ಪೈಪನ್ನು ಮಾತ್ರ ಸ್ವಂತ ಗಾಡಿ ತಂದು ಒಯ್ಯಬೇಕು. ದೂರದಿಂದ ಬರುವವರು ಮೋಲ್ಡ್ ಹಾಕುವ ಮೊದಲೇ ಕಟ್ಟಡದ ನಕ್ಷೆ ಕಳಿಸಿ, ಸಾಮಾನಿನ ಪಟ್ಟಿ ಮಾಡಿಸಿಕೊಂಡು, ಪೈಪು, ಎಲ್ಬೋ, ವೈರುಗಳನ್ನು ಮೊದಲ ಕಂತಿನಲ್ಲೂ ಯಂತ್ರವನ್ನು ಬಣ್ಣದ ಕೆಲಸ ಮುಗಿದ ಮೇಲೂ ತರಿಸಿಕೊಳ್ಳುವುದು ಒಳ್ಳೆಯದು. ವಾರಂಟಿಯ ಅವಧಿ ಬಿಲ್ಲಿನ ದಿನದಿಂದ ಎಣಿಕೆಯಾಗುವುದರಿಂದ, ಯಂತ್ರವನ್ನು ಮೊದಲೇ ಕೊಂಡು ಗೋಡೌನಿನಲ್ಲಿ ಇಟ್ಟರೆ ಆ ತಿಂಗಳುಗಳೆಲ್ಲ ಮನೆಯವರ ಲೆಕ್ಕದಿಂದ ಕಳೆದುಹೋಗುತ್ತವೆ.